ಪಾಳವಣಕರ್ ಬಾಳೂ ಅವರ ಜೀವನವೂ ಇಂದಿನ ತರುಣ ಆಟಗಾರರೂ

ನಮ್ಮ ಸೀಮೆಯಲ್ಲಿ ಈಗ ಸಂಜೆಯ ಹೊತ್ತು ಯಾವ ಬಯಲನ್ನು ನೋಡಿದರೂ ಚೆಂಡು ಬ್ಯಾಟುಗಳ ಸದ್ದು ಕೇಳಿಬರುವುದು. ತಲಕಾಡಿನ ಹೊಳೆಯಂಚಿನ ಮರಳಿನ ಮೇಲೆಯೂ, ತಿರುಮಕೂಡಲು ನರಸೀಪುರದ ಶಾಲೆಯ ಅಂಗಳಗಳಲ್ಲಿಯೂ, ನಂಜನಗೂಡಿನ ಓಣಿಗಳಲ್ಲಿಯೂ ಹುಡುಗರು ಕ್ರಿಕೆಟ್ ಆಡುತ್ತಿರುವರು. ಆಟವು ಮೈಗೂ ಮನಸ್ಸಿಗೂ ಹಿತವಾದುದು. ಇದನ್ನು ನೋಡಿ ಸಂತೋಷಪಡದವರಾರು? ಆದರೆ ಹದಿನೈದಿಪ್ಪತ್ತು ವರ್ಷಗಳಿಂದೀಚೆಗೆ ಈ ಹುಡುಗರ ಮಾತಿನಲ್ಲಿ ಹೊಸದೊಂದು ವಿಷಯವು ಸೇರಿಕೊಂಡಿದೆ. ಯಾರು ಎಷ್ಟು ರನ್ ಹೊಡೆದರೆಂಬುದಕ್ಕಿಂತ ಯಾರು ಎಷ್ಟು ಬೆಲೆಗೆ ಹೋದರೆಂಬುದೇ ದೊಡ್ಡ ಸಮಾಚಾರವಾಗಿದೆ. ೨೦೦೮ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದಂದಿನಿಂದ ಆಟಗಾರರನ್ನು ಹರಾಜಿನಲ್ಲಿ ಕೂಗಿ ಕೊಳ್ಳುವ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿದೆ. ೨೦೨೪ರ ನವೆಂಬರ್ ತಿಂಗಳಿನ ಹರಾಜಿನಲ್ಲಿ ಒಬ್ಬ ಆಟಗಾರರಿಗೆ ೨೭ ಕೋಟಿ ರೂಪಾಯಿ ಕೂಗಲಾಯಿತು. ಬಿಹಾರದ ಹದಿಮೂರು ವರ್ಷದ ಬಾಲಕನೊಬ್ಬನಿಗೆ ೧ ಕೋಟಿ ೧೦ ಲಕ್ಷ ರೂಪಾಯಿ ಕೂಗಲಾಯಿತು.

ಇಷ್ಟು ಎಳೆಯ ವಯಸ್ಸಿನಲ್ಲಿ ಇಷ್ಟು ಹಣವು ಕೈಸೇರಿದರೆ ಆಟದ ಮೇಲಣ ಛಲವು ಉಳಿಯುವುದೇ ಎಂಬ ಪ್ರಶ್ನೆಯನ್ನು ಹಿರಿಯರು ಕೇಳುತ್ತಿರುವರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನೆಂಬ ಗಾದೆಯನ್ನು ಹೇಳಿ ಕೆಲವರು ವಿಷಯವನ್ನು ಮುಗಿಸಿಬಿಡುವರು. ನಮಗೆ ಇದು ಸಾಲದು. ಬೆವರು ಸುರಿಸಿ ವಿದ್ಯೆ ಕಲಿತ ಹುಡುಗರನ್ನು ಅಲ್ಪರೆನ್ನುವುದು ನ್ಯಾಯವಲ್ಲ. ಮೇಲೆ ಹೇಳಿದ ಬಾಲಕನೇ ೨೦೨೫ರ ಏಪ್ರಿಲ್ ತಿಂಗಳಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ೩೫ ಚೆಂಡುಗಳಿಗೆ ನೂರು ರನ್ ಹೊಡೆದು ಗಾದೆಯನ್ನು ಹೇಳಿದವರ ಬಾಯನ್ನು ಕಟ್ಟಿದನು. ಹಾಗೆಂದು ಹಿರಿಯರ ಶಂಕೆಯನ್ನು ತಳ್ಳಿಹಾಕುವಂತೆಯೂ ಇಲ್ಲ. ಚಿಕ್ಕಂದಿನಲ್ಲಿಯೇ ಹೆಸರು ಪಡೆದು ಕೆಲವೇ ವರ್ಷಗಳಲ್ಲಿ ಮಂಕಾದ ಆಟಗಾರರನ್ನು ಎಲ್ಲರೂ ಕಂಡಿರುವರು. ಆದುದರಿಂದ ಈ ವಿಷಯವನ್ನು ಒಂದು ನಿಜಜೀವನದ ಬೆಳಕಿನಲ್ಲಿ ವಿಚಾರಮಾಡುವುದು ಲೇಸೆಂದು ನಮಗೆ ತೋರಿದೆ. ಕನ್ನಡ ನೆಲದಲ್ಲಿ ಹುಟ್ಟಿ, ಅತ್ಯಂತ ಬಡತನದಿಂದ ಮೇಲಕ್ಕೆ ಬಂದು, ಅತ್ಯಂತ ಐಶ್ವರ್ಯವಂತರಾದ ತರುಣರೊಬ್ಬರ ನಾಯಕತ್ವದಲ್ಲಿ ಆಡಿದ ಪಾಳವಣಕರ್ ಬಾಳೂ ಅವರ ಜೀವನವು ಇದಕ್ಕೆ ತಕ್ಕುದಾಗಿದೆ.

ಬಾಳೂ ಅವರು ೧೮೭೬ರ ಸುಮಾರಿನಲ್ಲಿ ಧಾರವಾಡದಲ್ಲಿ ಹುಟ್ಟಿದರು. ಆಗ ಧಾರವಾಡವು ಮುಂಬಯಿ ಇಲಾಖೆಗೆ ಸೇರಿದ್ದಿತು. ಮನೆತನದ ಮೂಲವು ಕೊಂಕಣ ಪ್ರಾಂತ, ಕುಲವು ಚರ್ಮಕಾರರದು. ಸಮಾಜವು ಈ ಕುಲದವರನ್ನು ಅಸ್ಪೃಶ್ಯರೆಂದು ಎಣಿಸಿ ದೂರವಿರಿಸಿದ್ದಿತು. ತಂದೆಯವರಿಗೆ ಸೈನ್ಯದ ಆಶ್ರಯದಲ್ಲಿ ಉದ್ಯೋಗವಿದ್ದುದರಿಂದ ಸಂಸಾರವು ಪುಣೆಗೆ ಬಂದಿತು. ಅಲ್ಲಿ ಬಾಳೂ ಅವರೂ ತಮ್ಮನಾದ ಶಿವರಾಮರೂ ಬಿಳಿಯ ಅಧಿಕಾರಿಗಳು ಆಡಿ ಬಿಸುಟ ಬ್ಯಾಟು ಚೆಂಡುಗಳಿಂದ ಆಟವನ್ನು ಕಲಿತರು. ಇವರ ಬಳಿಕ ವಿಠ್ಠಲ, ಗಣಪತಿ ಎಂಬ ಕಿರಿಯ ಸೋದರರೂ ಅದೇ ದಾರಿಯನ್ನು ಹಿಡಿದರು. ಅವರ ಕಾಲಕ್ಕೆ ಗುರುವಿನ ಶಿಕ್ಷಣವಿಲ್ಲ, ಶಾಲೆಯ ಮೈದಾನವಿಲ್ಲ, ಹೊಸ ಚೆಂಡನ್ನು ಕೊಳ್ಳುವ ಶಕ್ತಿಯೂ ಇಲ್ಲ.

ವಯಸ್ಸು ಹದಿನಾರರ ಸುಮಾರಿಗೆ ಬಂದಾಗ ಬಾಳೂ ಅವರು ಪುಣೆಯ ಪಾರಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ಆಳಾಗಿ ಸೇರಿದರು. ಆಡುವ ನೆಲವನ್ನು ಗುಡಿಸುವುದು, ರೋಲರ್ ಎಳೆಯುವುದು, ಸಂಘದ ಸದಸ್ಯರಿಗೆ ಆಗೊಮ್ಮೆ ಈಗೊಮ್ಮೆ ಚೆಂಡೆಸೆಯುವುದು, ಇಷ್ಟೇ ಕೆಲಸ. ಸಂಬಳವು ತಿಂಗಳಿಗೆ ೩ ರೂಪಾಯಿ. ಬಳಿಕ ಐರೋಪ್ಯರದೇ ಆದ ಪೂನಾ ಕ್ಲಬ್ಬಿನಲ್ಲಿ ೪ ರೂಪಾಯಿಗೆ ಉದ್ಯೋಗ ದೊರೆಯಿತು. ಅಲ್ಲಿಯೂ ನೆಲ ಸಮಮಾಡುವುದು, ಗೆರೆ ಎಳೆಯುವುದು, ಬಲೆ ಕಟ್ಟುವುದು ಇವರ ಪಾಲಿನ ಕೆಲಸಗಳು. ಬಾಳೂ ಅವರ ಎಡಗೈಯ ನಿಧಾನವಾದ ಬೌಲಿಂಗಿನಲ್ಲಿ ಅಪೂರ್ವವಾದ ಶಕ್ತಿಯಿದೆಯೆಂಬುದನ್ನು ಕಂಡ ಅಲ್ಲಿನ ಕೆಲವರು ಬಲೆಯಲ್ಲಿ ಚೆಂಡೆಸೆಯುವಂತೆ ಇವರನ್ನು ಪ್ರೋತ್ಸಾಹಿಸಿದರು.

ಆ ಕ್ಲಬ್ಬಿನಲ್ಲಿ ಗ್ರೆಗ್ ಎಂಬ ಸೈನ್ಯಾಧಿಕಾರಿಯು ಪ್ರಸಿದ್ಧ ಬ್ಯಾಟುಗಾರನಾಗಿದ್ದನು. ಆತನು ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಳೂ ಅವರ ಚೆಂಡುಗಳನ್ನೆದುರಿಸಿ ಅಭ್ಯಾಸಮಾಡುತ್ತಿದ್ದನೆಂದೂ, ತನ್ನನ್ನು ಔಟ್ ಮಾಡಿದ ಪ್ರತಿಸಲವೂ ಎಂಟಾಣೆಯನ್ನು ಕೊಡುತ್ತಿದ್ದನೆಂದೂ ಹೇಳುವರು. ಮಾತು ನಿಜವಾದರೆ ತಿಂಗಳಿನಲ್ಲಿ ಎಂಟು ಸಲ ಗ್ರೆಗ್ಗನನ್ನು ಕೆಡವಿದರೆ ಸಂಬಳದಷ್ಟೇ ಹಣವು ಮತ್ತೆ ಕೈಸೇರಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಎಂಟಾಣೆಯು ಬಡ ಹುಡುಗನಿಗೆ ಸಣ್ಣ ಹಣವಲ್ಲ. ಆದರೆ ಆ ಹಣವು ಕೆಲಸಕ್ಕೆ ಮುಂಚೆ ಬರುವಂತಿರಲಿಲ್ಲ. ಪ್ರತಿಯೊಂದು ಕಾಸಿನ ಹಿಂದೆಯೂ ಒಂದು ಒಳ್ಳೆಯ ಚೆಂಡು ಇರಬೇಕಾಗಿದ್ದಿತು. ನೆನ್ನೆಯ ಚೆಂಡಿಗೆ ಇಂದು ಬೆಲೆ ಸಿಕ್ಕುತ್ತಿರಲಿಲ್ಲ. ದಿನದಿನವೂ ಹೀಗೆ ಪರೀಕ್ಷೆಗೆ ಒಳಗಾಗಿ ಬಾಳೂ ಅವರ ಕೈ ಪಳಗಿತು. ಇಷ್ಟೆಲ್ಲ ಚೆಂಡೆಸೆದರೂ ಬ್ಯಾಟನ್ನು ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲವೆಂದು ಚರಿತ್ರಕಾರರು ಹೇಳಿರುವರು. ಬ್ಯಾಟು ದೊರೆಗಳಿಗೆ, ಚೆಂಡು ಆಳುಗಳಿಗೆ ಎಂಬುದು ಆ ಕಾಲದ ಏರ್ಪಾಡು.

ಆಗ ಪುಣೆಯ ಹಿಂದೂ ಆಟಗಾರರು ಐರೋಪ್ಯರೊಡನೆ ಪಂದ್ಯವಾಡಲು ಸಿದ್ಧರಾಗುತ್ತಿದ್ದರು. ಬಾಳೂ ಅವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಗೆಲ್ಲಬೇಕೆಂಬ ಆಸೆಯು ಮಡಿಯನ್ನು ಮೀರಿತು. ಬಾಳೂ ಅವರು ತಂಡವನ್ನು ಸೇರಿದರು. ಆದರೆ ಮಡಿಯು ಪೂರ್ಣವಾಗಿ ಸೋಲಲಿಲ್ಲ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಉಳಿದವರೂ ಮುಟ್ಟುತ್ತಿದ್ದರು. ವಿರಾಮದಲ್ಲಿ ಮಾತ್ರ ಅವರಿಗೆ ಚಹವನ್ನು ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು, ಊಟವನ್ನು ಬೇರೆ ಎಡೆಯಲ್ಲಿ ಬಡಿಸುತ್ತಿದ್ದರು. ಈ ಅವಮಾನವನ್ನು ನುಂಗಿಕೊಂಡೇ ಬಾಳೂ ಅವರು ಐರೋಪ್ಯ ತಂಡಗಳನ್ನು ಸೋಲಿಸಿಕೊಟ್ಟರು. ಪುಣೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರಂತಹ ಮಹನೀಯರೇ ಇವರನ್ನು ಸಭೆಯಲ್ಲಿ ಮನ್ನಿಸಿದರು. ಸಾವಿರ ಉಪನ್ಯಾಸಗಳು ಮಾಡಲಾರದ ಕೆಲಸವನ್ನು ಒಂದು ಎಡಗೈ ಮಾಡತೊಡಗಿತೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಾಳೂ ಅವರು ಮುಂಬಯಿಗೆ ಬಂದರು. ಅಲ್ಲಿನ ಹಿಂದೂ ಜಿಮಖಾನದ ಪರವಾಗಿ ಆಡತೊಡಗಿದರು. ಹೊಟ್ಟೆಪಾಡಿಗೆ ನೌಕರಿಯನ್ನು ಹಿಡಿದರು. ೧೯೦೬ರ ಫೆಬ್ರವರಿಯಲ್ಲಿ ಹಿಂದೂ ತಂಡವು ಐರೋಪ್ಯರ ತಂಡವನ್ನು ೧೦೯ ರನ್‌ಗಳಿಂದ ಸೋಲಿಸಿದಾಗ ದೇಶದಲ್ಲೆಲ್ಲ ಸಂತೋಷವುಂಟಾಯಿತು. ವಂಗಭಂಗದ ಕಾರಣದಿಂದ ಸ್ವದೇಶಿ ಚಳುವಳಿಯು ಹಬ್ಬುತ್ತಿದ್ದ ದಿನಗಳವು. ಆಳುವವರನ್ನು ಅವರದೇ ಆಟದಲ್ಲಿ ಗೆದ್ದ ತಂಡದಲ್ಲಿ ಬಾಳೂ, ಶಿವರಾಮ ಸೋದರರಿಬ್ಬರೂ ಇದ್ದರು.

ಈಗ ಈ ಚರಿತ್ರೆಯ ಮುಖ್ಯ ಘಟ್ಟಕ್ಕೆ ಬರುವೆವು. ೧೯೧೧ರಲ್ಲಿ ಅಖಿಲ ಭಾರತ ತಂಡವೊಂದು ಮೊದಲ ಸಲ ಇಂಗ್ಲೆಂಡಿಗೆ ಹೊರಟಿತು. ಪಾರಸಿಗಳು, ಹಿಂದೂಗಳು, ಮುಸಲ್ಮಾನರು ಕೂಡಿದ ಆ ತಂಡಕ್ಕೆ ಪಟಿಯಾಲೆಯ ಮಹಾರಾಜ ಭೂಪಿಂದರ್ ಸಿಂಗರು ನಾಯಕರು. ಅವರು ಹುಟ್ಟಿದುದು ೧೮೯೧ರ ಅಕ್ಟೋಬರಿನಲ್ಲಿ. ಒಂಬತ್ತನೆಯ ವಯಸ್ಸಿಗೆ ಸಿಂಹಾಸನವು ಬಂದಿತು. ತಂಡದ ನಾಯಕರಾದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರಿಗೆ ಆಟ ಬಾರದೆಂದು ಯಾರೂ ಹೇಳಲಾರರು. ಕ್ರಿಕೆಟ್ಟಿನ ಮೇಲೆ ಅವರಿಗಿದ್ದ ಪ್ರೀತಿಯು ನಿಜವಾದುದು. ಮುಂದೆ ರಣಜಿ ಟ್ರೋಫಿಯ ಬಟ್ಟಲನ್ನು ಕೊಟ್ಟವರೂ ಅವರೇ. ಬಲವಾಗಿ ಹೊಡೆಯುವ ಬ್ಯಾಟುಗಾರರೆಂದು ಅವರು ಹೆಸರಾಗಿದ್ದರು. ಆದರೆ ಆ ಬೇಸಗೆಯಲ್ಲಿ ಲಂಡನ್ ನಗರದಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಗಳ ಪಟ್ಟಾಭಿಷೇಕ ನಡೆಯಿತು; ಔತಣಗಳು, ಮೆರವಣಿಗೆಗಳು, ದೊಡ್ಡವರ ಭೇಟಿಗಳು ಒಂದರ ಹಿಂದೊಂದು ಬಂದವು. ಮಹಾರಾಜರು ಕೆಲವೇ ಪಂದ್ಯಗಳನ್ನಾಡಿ ತಂಡವನ್ನು ಬಿಟ್ಟರು. ತಂಡದ ಶ್ರೇಷ್ಠ ಬ್ಯಾಟುಗಾರರೆನಿಸಿದ್ದ ಮಿಸ್ತ್ರಿಯವರು ಮಹಾರಾಜರ ಪರಿವಾರಕ್ಕೆ ಸೇರಿದವರಾದುದರಿಂದ ಅವರೂ ಬಹುತೇಕ ಪಂದ್ಯಗಳಿಗೆ ದೊರೆಯಲಿಲ್ಲ.

ನಾಯಕನಿಲ್ಲದ ಆ ತಂಡವು ಊರಿಂದೂರಿಗೆ ತಿರುಗಿ ೨೩ ಪಂದ್ಯಗಳನ್ನಾಡಿತು. ೬ನ್ನು ಗೆದ್ದಿತು, ೧೫ನ್ನು ಸೋತಿತು, ೨ ಸಮವಾದವು. ಈ ಸೋಲಿನ ನಡುವೆ ಒಬ್ಬರ ಹೆಸರು ಮಾತ್ರ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ದಿನದಿನಕ್ಕೂ ಏರುತ್ತ ಹೋಯಿತು. ಮೂವತ್ತೈದು ವಯಸ್ಸಿನ ಬಾಳೂ ಅವರು ಪರದೇಶದ ಚಳಿಯಲ್ಲಿ, ಕಂಡರಿಯದ ನೆಲದ ಮೇಲೆ, ಒಂದು ತುದಿಯಿಂದ ದಿನವಿಡೀ ಚೆಂಡೆಸೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ತಂಡದ ಮೇಲೆ ಒಂದೇ ಇನ್ನಿಂಗ್ಸಿನಲ್ಲಿ ೧೦೩ ರನ್‌ಗಳಿಗೆ ೮ ವಿಕೆಟ್ಟುಗಳನ್ನು ಪಡೆದರು. ಲೀಸ್ಟರ್‌ಷೈರ್ ತಂಡವನ್ನು ಸೋಲಿಸಿದ ಪಂದ್ಯದಲ್ಲಿ ೧೧ ವಿಕೆಟ್ಟುಗಳು ಅವರವೇ. ಪ್ರವಾಸ ಮುಗಿಯುವಷ್ಟರಲ್ಲಿ ಒಟ್ಟು ೧೧೪ ವಿಕೆಟ್ಟುಗಳು, ಒಂದೊಂದಕ್ಕೆ ಸರಾಸರಿ ೧೮.೮೪ ರನ್ ಮಾತ್ರ.

ಒಂದೇ ಹಡಗಿನ ಪ್ರವಾಸ, ಒಂದೇ ತಂಡ, ಒಂದೇ ಬೇಸಗೆ. ಒಬ್ಬರಿಗೆ ಬ್ಯಾಟು ಹಿಡಿಯುವ ಮುಂಚೆಯೇ ರಾಜ್ಯವಿದ್ದಿತು. ಒಬ್ಬರಿಗೆ ಬ್ಯಾಟನ್ನೇ ಕೊಟ್ಟವರಿರಲಿಲ್ಲ. ಇದರಿಂದ ಐಶ್ವರ್ಯವಂತರೆಲ್ಲ ಮೈಗಳ್ಳರೆಂದು ನಾವು ಹೇಳುವುದಿಲ್ಲ. ಮಹಾರಾಜರು ಸೋಮಾರಿಗಳಾಗಿರಲಿಲ್ಲ, ಆ ಬೇಸಗೆಯಲ್ಲಿ ಅವರಿಗೆ ಬಿಡುವೇ ಇರಲಿಲ್ಲ. ಆದರೆ ಐಶ್ವರ್ಯವು ಅವರ ಎದುರಿಗೆ ನೂರು ಬಾಗಿಲುಗಳನ್ನು ತೆರೆದಿದ್ದಿತು. ಮೈದಾನವು ಅವುಗಳಲ್ಲಿ ಒಂದು ಮಾತ್ರವಾಗಿದ್ದಿತು. ಆಡಿದರೂ ಅವರು ಮಹಾರಾಜರೇ, ಆಡದಿದ್ದರೂ ಮಹಾರಾಜರೇ. ಆಟದಿಂದ ಅವರ ಸ್ಥಾನವು ಏರುವಂತೆಯೂ ಇರಲಿಲ್ಲ, ಇಳಿಯುವಂತೆಯೂ ಇರಲಿಲ್ಲ. ಬಾಳೂ ಅವರಿಗಾದರೋ ತೆರೆದಿದ್ದುದು ಒಂದೇ ಬಾಗಿಲು. ಅದರೊಳಗೆ ಅವರು ತಮಗಾಗಿ ಮಾತ್ರ ಹೋಗಲಿಲ್ಲ. ಅವರು ಹಿಂದಿರುಗಿದಾಗ ಮುಂಬಯಿಯಲ್ಲಿ ಅಸ್ಪೃಶ್ಯರೆನಿಸಿದ್ದ ಜನರು ಸಭೆ ಸೇರಿ ಅವರನ್ನು ತಮ್ಮವರೆಂದು ಮೆರೆಸಿದರು. ಎಳೆಯ ವಯಸ್ಸಿನ ಐಶ್ವರ್ಯವು ಮಾಡುವ ಕೇಡು ಇದೆಂದು ನಮ್ಮ ಅಭಿಪ್ರಾಯ: ಅದು ತೋಳಿನ ಬಲವನ್ನು ಕುಂದಿಸುವುದಿಲ್ಲ, ಇಂದು ಆಡಲೇಬೇಕೆಂಬ ಕಾರಣವನ್ನು ಕುಂದಿಸುವುದು.

ಇಷ್ಟು ಹೇಳಿದ ಮಾತ್ರಕ್ಕೆ ಬಡತನವೇ ಆಟಗಾರನ ಭಾಗ್ಯವೆಂದು ಹಾಡಿಹೊಗಳುವುದೂ ತಪ್ಪು. ಬಾಳೂ ಅವರ ಮುಂದಿನ ಜೀವನವು ಅದನ್ನು ಸಾರಿ ಹೇಳುವುದು. ಅಷ್ಟು ವಿಕೆಟ್ಟುಗಳನ್ನು ಪಡೆದ ಮೇಲೆಯೂ ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಕೊಡಲಿಲ್ಲ. ವರ್ಷಗಳು ಉರುಳಿದವು, ಅವರಿಗಿಂತ ಕಿರಿಯರೂ ಕಡಮೆ ಯೋಗ್ಯತೆಯವರೂ ನಾಯಕರಾದರು. ೧೯೨೦ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಬಿಟ್ಟಾಗ, ನಾಯಕತ್ವಕ್ಕೆ ಅರ್ಹರಾಗಿದ್ದ ತಮ್ಮ ವಿಠ್ಠಲರನ್ನೂ ಕಡೆಗಣಿಸಿದಾಗ, ಸೋದರರು ಬಹಿರಂಗವಾಗಿ ಪ್ರತಿಭಟಿಸಿ ತಂಡದಿಂದ ಹೊರಬಂದರು. ಜನಾಭಿಪ್ರಾಯವು ಅವರ ಕಡೆಗೆ ತಿರುಗಿತು. ಬಾಳೂ ಅವರನ್ನು ಉಪನಾಯಕರೆಂದು ಮತ್ತೆ ಕರೆಯಿಸಿಕೊಳ್ಳಬೇಕಾಯಿತು. ಆ ಪಂದ್ಯದಲ್ಲಿ ನಾಯಕರಾದ ಪೈಯವರು ಸ್ವಲ್ಪ ಹೊತ್ತು ತಾವಾಗಿಯೇ ಮೈದಾನವನ್ನು ಬಿಟ್ಟು, ಹಿರಿಯರಾದ ಬಾಳೂ ಅವರು ತಂಡವನ್ನು ನಡೆಸುವಂತೆ ಮಾಡಿದರು. ೧೯೨೩ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ದೊರೆಯದ ಪದವಿ ತಮ್ಮನಿಗೆ ದೊರೆಯಿತು. ಮೊದಲ ದರ್ಜೆಯ ೩೩ ಪಂದ್ಯಗಳಲ್ಲಿ, ಒಂದೊಂದಕ್ಕೆ ೧೫.೨೧ ರನ್ ಮಾತ್ರ ಕೊಟ್ಟು, ೧೭೯ ವಿಕೆಟ್ಟುಗಳನ್ನು ಪಡೆದ ಈ ಮಹಾಪುರುಷರಿಗೆ ಸಮಾಜವು ಸಲ್ಲಿಸಿದ ಮರ್ಯಾದೆ ಇಷ್ಟೆಂದರೆ ತಲೆತಗ್ಗಿಸಬೇಕಾದವರು ನಾವೇ.

ಆಟವನ್ನು ಬಿಟ್ಟ ಮೇಲೆ ಬಾಳೂ ಅವರು ತಮ್ಮ ಕೀರ್ತಿಯನ್ನು ಹಣವಾಗಿ ಮಾರಲಿಲ್ಲ, ಲೋಕಸೇವೆಗೆ ತಿರುಗಿಸಿದರು. ೧೯೩೨ರಲ್ಲಿ ಮಹಾತ್ಮಾ ಗಾಂಧಿಯವರು ಯರವಡಾ ಸೆರೆಮನೆಯಲ್ಲಿ ಉಪವಾಸ ಕುಳಿತಾಗ, ಪುಣೆಯ ಒಪ್ಪಂದವು ಆಗುವಂತೆ ಶ್ರಮಿಸಿದವರಲ್ಲಿ ಅವರೂ ಒಬ್ಬರು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಅವರನ್ನು ಮುಂಬಯಿಯಲ್ಲಿ ಡಾಕ್ಟರ್ ಅಂಬೇಡ್ಕರರ ಎದುರಿಗೆ ನಿಲ್ಲಿಸಿತು. ಅಂಬೇಡ್ಕರರಿಗೆ ೧೩,೨೪೫ ಮತಗಳು, ಬಾಳೂ ಅವರಿಗೆ ೧೧,೨೨೫ ಮತಗಳು ಬಂದವು. ತರುಣ ಅಂಬೇಡ್ಕರರು ಒಂದು ಕಾಲದಲ್ಲಿ ಬಾಳೂ ಅವರ ಕೀರ್ತಿಯನ್ನು ಅಭಿಮಾನದಿಂದ ಕಂಡವರು. ಮಾರ್ಗದಲ್ಲಿ ಭೇದ ಬಂದಿತಾದರೂ ಇಬ್ಬರ ಗುರಿಯೂ ತಮ್ಮ ಜನರ ಏಳಿಗೆಯೇ ಆಗಿದ್ದಿತು. ೧೯೫೫ರ ಜುಲೈ ತಿಂಗಳಿನಲ್ಲಿ ಬಾಳೂ ಅವರು ಮುಂಬಯಿಯಲ್ಲಿ ದೇಹವನ್ನು ಬಿಟ್ಟರು.

ಈ ಜೀವನದಿಂದ ನಮ್ಮ ಊರುಗಳ ತಂದೆತಾಯಿಗಳೂ ಆಟದ ಆಡಳಿತಗಾರರೂ ಕಲಿಯಬೇಕಾದುದೇನು? ನಮ್ಮ ಕಣ್ಣೆದುರಿಗೇ ಒಂದು ದೃಷ್ಟಾಂತವಿದೆ. ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಕಟ್ಟೆಯನ್ನು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದುದರಿಂದ ತಲಕಾಡಿನ ಸುತ್ತಣ ಗದ್ದೆಗಳು ಬೆಳೆದವು. ಆದರೆ ಆ ಕಟ್ಟೆಯಿಂದಲೇ ನದಿಯ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿಯು ಹೊತ್ತು ತಂದು ಗಂಗರ ರಾಜಧಾನಿಯ ದೇವಾಲಯಗಳ ಮೇಲೆ ಸುರಿಯಿತೆಂದು ಕೆಲವು ವಿದ್ವಾಂಸರು ಹೇಳುವರು. ಒಂದೇ ಹೊಳೆ, ಕಾಲುವೆಯಲ್ಲಿ ಹರಿದದ್ದು ಅನ್ನವಾಯಿತು, ತಡೆಯಿಲ್ಲದೆ ಬಂದು ಬಿದ್ದದ್ದು ಗುಡಿಗಳನ್ನು ಹೂಳಿತು. ಹಣದ ಸ್ವಭಾವವೂ ಇಂತಹುದೇ. ಹಣ ಬರಬಾರದೆಂದು ನಾವು ಹೇಳೆವು. ಬಂದ ಹಣಕ್ಕೆ ಕಾಲುವೆ ಇರಬೇಕೆಂದು ಹೇಳುವೆವು.

ಕಾಲುವೆಯೆಂದರೇನೆಂಬುದನ್ನು ಸ್ಪಷ್ಟಪಡಿಸುವೆವು. ಮೊದಲನೆಯದಾಗಿ, ಹಣವು ಕೂಗಿದ ಬೆಲೆಗಿಂತ ಮಾಡಿದ ಕೆಲಸಕ್ಕೆ ಹೆಚ್ಚಾಗಿ ಅಂಟಿಕೊಂಡಿರಬೇಕು. ೨೦೨೪ರ ಮಾರ್ಚಿಯಲ್ಲಿ ಭಾರತದ ಕ್ರಿಕೆಟ್ ಮಂಡಲಿಯು ಹೆಚ್ಚು ಟೆಸ್ಟ್ ಪಂದ್ಯಗಳನ್ನಾಡುವವರಿಗೆ ಒಂದೊಂದು ಪಂದ್ಯಕ್ಕೂ ಹೆಚ್ಚಿನ ಸಂಭಾವನೆಯನ್ನು ಗೊತ್ತುಮಾಡಿತು. ಒಂದು ಋತುವಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಪಂದ್ಯಗಳನ್ನಾಡಿದವರಿಗೆ ಪಂದ್ಯಕ್ಕೆ ೪೫ ಲಕ್ಷ ರೂಪಾಯಿಯ ಪ್ರೋತ್ಸಾಹ ಧನ. ಮೊತ್ತವು ದೊಡ್ಡದಾದರೂ ತತ್ತ್ವವು ಗ್ರೆಗ್ಗನ ಎಂಟಾಣೆಯದೇ. ಎರಡನೆಯದಾಗಿ, ಇಪ್ಪತ್ತೊಂದು ತುಂಬದ ಆಟಗಾರನಿಗೆ ಬರುವ ಹಣದ ದೊಡ್ಡ ಭಾಗವನ್ನು ಅವನ ಹೆಸರಿನಲ್ಲಿಯೇ ಇಟ್ಟು, ವಯಸ್ಸು ಬಲಿತ ಮೇಲೆ ಅವನ ಕೈಗೆ ಬರುವಂತೆ ಏರ್ಪಡಿಸಬೇಕು. ನೆಂಟರೂ ದಲ್ಲಾಳಿಗಳೂ ಅದರ ಸುತ್ತ ಮುತ್ತುವುದಕ್ಕೆ ಅವಕಾಶವಿರಬಾರದು. ಮೂರನೆಯದಾಗಿ, ಹುಡುಗನು ತನಗಿಂತ ದೊಡ್ಡದಾದ ಯಾವುದಾದರೊಂದಕ್ಕಾಗಿ ಆಡುವುದನ್ನು ಕಲಿಯಬೇಕು. ತನ್ನ ಊರಾಗಲಿ, ನಾಡಾಗಲಿ, ತನ್ನಂತೆ ಬಡತನದಲ್ಲಿ ಬೆಳೆಯುತ್ತಿರುವ ಕಿರಿಯರಾಗಲಿ ಅವನ ಕಣ್ಣಮುಂದೆ ಇದ್ದರೆ ಕೋಟಿ ರೂಪಾಯಿ ಬಂದ ಮರುದಿನವೂ ಅವನು ಬೆಳಗ್ಗೆ ಎದ್ದು ಮೈದಾನಕ್ಕೆ ಹೋಗುವನು. ಈ ಮೂರನೆಯದನ್ನು ಯಾವ ಮಂಡಲಿಯೂ ನಿಯಮಮಾಡಿ ಕೊಡಲಾರದು. ಮನೆಯೂ ಶಾಲೆಯೂ ಕೊಡಬೇಕು.

ಕೊನೆಯದಾಗಿ, ತಾಲ್ಲೂಕುಗಳ ಮೈದಾನಗಳನ್ನು ನೋಡಿಕೊಳ್ಳುವ ಅಧಿಕಾರಿಗಳಲ್ಲಿಯೂ ಸಂಘಗಳ ಕಾರ್ಯದರ್ಶಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಹರಾಜಿನಲ್ಲಿ ಹೆಸರು ಕೂಗಿಸಿಕೊಂಡವರ ಯೋಗಕ್ಷೇಮವನ್ನು ವಿಚಾರಿಸಲು ಅನೇಕರಿರುವರು. ನೆಲವನ್ನು ಗುಡಿಸಿ, ಬಲೆಯನ್ನು ಕಟ್ಟಿ, ಪಂದ್ಯ ನಡೆಯುವಾಗ ಗೆರೆಯಾಚೆ ಕುಳಿತು ನೋಡುವ ಹುಡುಗರೂ ನಮ್ಮ ಮೈದಾನಗಳಲ್ಲಿರುವರು. ಅವರ ಹೆಸರನ್ನು ಕೇಳಿದವರಿಲ್ಲ. ಪುಣೆಯ ದೊರೆಗಳು ಮಾಡದೆ ಬಿಟ್ಟುದನ್ನು ನಾವು ಮಾಡೋಣ. ರೋಲರ್ ಎಳೆಯುವ ಹುಡುಗನ ಕೈಗೂ ಒಂದು ಸಲ ಬ್ಯಾಟನ್ನು ಕೊಟ್ಟು ನೋಡೋಣ.